ಒಂದು ಪ್ರದೇಶ, ಒಂದು ಭಾಷೆ, ಆಮೇಲೆ ಜಗತ್ತು

"ಮಗಳು ಇಂಟರ್‌ನ್ಯಾಷನಲ್ ರಿಲೇಷನ್ಸ್‌ನಲ್ಲೇ ಎಂ.ಎ. ಮಾಡ್ತೀನಿ ಅಂತ ಹಟ ಹಿಡಿದಿದ್ದಾಳೆ ಸರ್. ಮುಂದೆ ಅಂಬಾಸಡರ್ ಆಗಬಹುದಾ?" ಪದವಿ ಫಲಿತಾಂಶದ ದಿನಗಳಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರುಗಳನ್ನು ತಂದೆತಾಯಂದಿರು ಕೇಳುವ ಪ್ರಶ್ನೆ ಇದು. ಆಗಬಹುದು. ಆದರೆ ಆ ಎಂ.ಎ.ಗೂ ಆ ಹುದ್ದೆಗೂ ನೇರ ಸಂಬಂಧವಿಲ್ಲ. ಇದನ್ನು ಪ್ರವೇಶ ಶುಲ್ಕ ಕಟ್ಟುವ ಮೊದಲೇ ತಿಳಿದುಕೊಂಡರೆ ಮುಂದಿನ ಎಷ್ಟೋ ನಿರಾಸೆ ತಪ್ಪುತ್ತದೆ.

ಭಾರತೀಯ ವಿದೇಶಾಂಗ ಸೇವೆಗೆ ದಾರಿ ಯುಪಿಎಸ್‌ಸಿಯ ನಾಗರಿಕ ಸೇವಾ ಪರೀಕ್ಷೆ. ಅದಕ್ಕೆ ಯಾವ ಪದವಿಯಾದರೂ ನಡೆಯುತ್ತದೆ. ಲಕ್ಷಗಟ್ಟಲೆ ಜನ ಬರೆಯುವ ಆ ಪರೀಕ್ಷೆಯಿಂದ ವಿದೇಶಾಂಗ ಸೇವೆಗೆ ಹೋಗುವವರು ಇತ್ತೀಚಿನ ವರ್ಷಗಳಲ್ಲಿ ಸುಮಾರು ಮೂವತ್ತರಿಂದ ಐವತ್ತೈದು ಮಂದಿ. ಅವರಲ್ಲಿ ಎಂಜಿನಿಯರುಗಳಿರುತ್ತಾರೆ, ವೈದ್ಯರಿರುತ್ತಾರೆ. 2009ರಿಂದ 2011ರವರೆಗೆ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ನಿರುಪಮಾ ರಾವ್ ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯ. ಎಸ್. ಜೈಶಂಕರ್ ಜೆಎನ್‌ಯುನಲ್ಲಿ ಅಂತರರಾಷ್ಟ್ರೀಯ ಸಂಬಂಧಗಳಲ್ಲೇ ಪಿಎಚ್‌.ಡಿ. ಮಾಡಿದವರು ನಿಜ, ಆದರೆ ಅವರ ಮೊದಲ ಪದವಿ ರಸಾಯನಶಾಸ್ತ್ರದ್ದು.

ಕೊಡಗಿನ ಸಿ.ಬಿ. ಮುತ್ತಮ್ಮ ಅವರ ಹೆಸರನ್ನು ಇಲ್ಲಿ ಹೇಳಲೇಬೇಕು. 1924ರಲ್ಲಿ ವಿರಾಜಪೇಟೆಯಲ್ಲಿ ಹುಟ್ಟಿ, ಮದ್ರಾಸಿನಲ್ಲಿ ಇಂಗ್ಲಿಷ್ ಸಾಹಿತ್ಯದ ಎಂ.ಎ. ಮಾಡಿ, 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ ಅವರು. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂದು ಸೇರುವಾಗಲೇ ಅವರಿಂದ ಬರೆಸಿಕೊಂಡಿದ್ದರು. ಮಹಿಳಾ ಅಧಿಕಾರಿ ಮದುವೆಯಾಗಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕೆಂಬ ನಿಯಮ ಆಗ ಸೇವಾ ನಿಯಮಾವಳಿಯಲ್ಲೇ ಇತ್ತು. ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇಂಥ ನಿಯಮಗಳಲ್ಲಿರುವ ತಾರತಮ್ಯವನ್ನು ಕಟುವಾಗಿ ಟೀಕಿಸಿ ತೀರ್ಪು ಬರೆದರು. ಇಂದು ವಿದೇಶಾಂಗ ಸೇವೆಯ ಕನಸು ಕಾಣುವ ಪ್ರತಿಯೊಬ್ಬ ಹುಡುಗಿಗೂ ಆ ತೀರ್ಪಿನ ಋಣವಿದೆ. ನಮ್ಮ ಪಠ್ಯಗಳಲ್ಲಿ ಈ ಕಥೆಗೆ ಒಂದು ಪುಟವಾದರೂ ಸಿಗಬೇಕಿತ್ತು.

ಹಾಗಾದರೆ ಈ ಎಂ.ಎ. ಯಾತಕ್ಕೆ? ಅದಕ್ಕೆ ಈ ವಿಷಯ ಎಲ್ಲಿಂದ ಬಂತೆಂದು ಸ್ವಲ್ಪ ನೋಡಬೇಕು. ಅಂತರರಾಷ್ಟ್ರೀಯ ರಾಜಕೀಯಕ್ಕೆಂದೇ ವಿಶ್ವವಿದ್ಯಾಲಯದಲ್ಲಿ ಮೊದಲ ಪೀಠ ಶುರುವಾದದ್ದು 1919ರಲ್ಲಿ, ವೇಲ್ಸ್‌ನ ಅಬೆರಿಸ್ಟ್ವಿತ್ ಎಂಬ ಕಡಲತಡಿಯ ಊರಿನಲ್ಲಿ. ಮೊದಲ ಮಹಾಯುದ್ಧದಲ್ಲಿ ಸತ್ತ, ಗಾಯಗೊಂಡ ಅಲ್ಲಿಯ ವಿದ್ಯಾರ್ಥಿಗಳ ನೆನಪಿಗೆ ಡೇವಿಡ್ ಡೇವಿಸ್ ಮತ್ತು ಅವರ ತಂಗಿಯರು ಕೊಟ್ಟ 20,000 ಪೌಂಡಿನ ದತ್ತಿ ಅದು. ಇಂಥ ಯುದ್ಧ ಮತ್ತೆ ಆಗದಂತೆ ಏನು ಮಾಡಬೇಕು ಎಂಬ ಸಂಕಟದಿಂದ ಹುಟ್ಟಿದ ವಿದ್ಯೆ ಇದು. ಭಾರತದಲ್ಲಿ 1955ರಲ್ಲಿ ದೆಹಲಿಯ ಸಪ್ರು ಹೌಸ್‌ನಲ್ಲಿ ಇಂಡಿಯನ್ ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್ ಆರಂಭವಾಯಿತು. ಎ. ಅಪ್ಪಾದೊರೈ ಅದರ ಮೊದಲ ನಿರ್ದೇಶಕರು. 1970ರಲ್ಲಿ ಆ ಶಾಲೆ ಜೆಎನ್‌ಯುನೊಳಗೆ ಸೇರಿತು. ಪಶ್ಚಿಮ ಏಷ್ಯಾ, ರಷ್ಯಾ ಮತ್ತು ಮಧ್ಯ ಏಷ್ಯಾ, ಆಫ್ರಿಕಾ, ಪೂರ್ವ ಏಷ್ಯಾ ಎಂದು ಪ್ರದೇಶಕ್ಕೊಂದು ಕೇಂದ್ರ ಇಂದಿಗೂ ಅಲ್ಲಿದೆ. ಹೊಸದಾಗಿ ಸ್ವತಂತ್ರವಾದ ದೇಶಕ್ಕೆ ಜಗತ್ತಿನ ಒಂದೊಂದು ಮೂಲೆಯನ್ನೂ ಆಳವಾಗಿ ಬಲ್ಲ ಜನ ಬೇಕಾಗಿದ್ದರು.

ಈ ವಿಷಯದ ಮೊದಲ ಸೆಮಿಸ್ಟರಿನಲ್ಲಿ ಗ್ರೀಸಿನ ಥುಸಿಡೈಡಿಸ್, ಮಾರ್ಗೆಂಥೌ, ವಾಲ್ಟ್ಜ್ ಮುಂತಾದ ಸಿದ್ಧಾಂತಿಗಳು ಬರುತ್ತಾರೆ. ಭಾರತೀಯ ವಿಶ್ವವಿದ್ಯಾಲಯಗಳಲ್ಲಿ ಜೊತೆಗೆ ಕೌಟಿಲ್ಯನೂ ಬರುತ್ತಾನೆ. ವಿಜಿಗೀಷು, ಅಂದರೆ ಗೆಲ್ಲಬಯಸುವ ರಾಜನನ್ನು ನಡುವೆ ಇಟ್ಟು ಅವನ ಸುತ್ತ ಶತ್ರು, ಶತ್ರುವಿನಾಚೆಯ ಮಿತ್ರ ಎಂದು ವೃತ್ತಗಳನ್ನು ಹಾಕುವ ಮಂಡಲ ಸಿದ್ಧಾಂತವನ್ನು ಇಂದು ವಿದೇಶಗಳಲ್ಲೂ ಪಾಠ ಮಾಡುತ್ತಾರೆ. ಆ ಸಿದ್ಧಾಂತವಿರುವ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ 1905ರಲ್ಲಿ ಸಿಕ್ಕಿದ್ದು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ, ಆರ್. ಶಾಮಶಾಸ್ತ್ರಿಗಳ ಕೈಗೆ. ಅವರು 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು.

ಸಿದ್ಧಾಂತಗಳ ಹೆಸರು ಕೇಳಿದರೆ ಇದೆಲ್ಲ ನಮಗೆ ದೂರದ ಸಂಗತಿ ಎನ್ನಿಸಬಹುದು. ಈ ಓದು ನಿಜಕ್ಕೂ ಏನು ಕಲಿಸುತ್ತದೆ ಎಂದು ತೋರಿಸಲು ನಾನು ಹೇಳುವ ಉದಾಹರಣೆ ಕುದುರೆಮುಖ.

1975ರಲ್ಲಿ ಭಾರತ ಮತ್ತು ಇರಾನ್ ನಡುವೆ ಒಂದು ಒಪ್ಪಂದವಾಯಿತು. ತೈಲದ ಬೆಲೆ ಏರಿ ಇರಾನಿನ ಷಾ ಅವರ ಕೈಯಲ್ಲಿ ಹಣ ತುಂಬಿತ್ತು, ಅವರಿಗೆ ಉಕ್ಕಿನ ಕಾರ್ಖಾನೆಗಳು ಬೇಕಿದ್ದವು. ತೈಲದ ಬಿಲ್ಲಿನಿಂದ ಬಸವಳಿದಿದ್ದ ಭಾರತದ ಬಳಿ ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿತ್ತು. ಇರಾನ್ 63 ಕೋಟಿ ಡಾಲರ್ ಸಾಲ ಕೊಡುವುದು, ಪ್ರತಿಯಾಗಿ ಭಾರತ ವರ್ಷಕ್ಕೆ 75 ಲಕ್ಷ ಟನ್ ಸಂಸ್ಕರಿಸಿದ ಅದಿರು ಕಳಿಸುವುದು ಎಂದಾಯಿತು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಕಾಡಿನ ನಡುವೆ ಊರು ಎದ್ದಿತು, ಲಕ್ಯಾ ಅಣೆಕಟ್ಟು ಕಟ್ಟಿದರು, ಅದಿರಿನ ಕೆಸರನ್ನು ಘಾಟಿ ಇಳಿಸಿ ಮಂಗಳೂರು ಬಂದರಿಗೆ ಒಯ್ಯಲು 67 ಕಿಲೋಮೀಟರ್ ಕೊಳವೆ ಹಾಕಿದರು. ಎಲ್ಲ ಸಿದ್ಧವಾಗುವ ಹೊತ್ತಿಗೆ, 1979ರಲ್ಲಿ, ಟೆಹರಾನಿನಲ್ಲಿ ಕ್ರಾಂತಿಯಾಗಿ ಷಾ ದೇಶ ಬಿಟ್ಟಿದ್ದರು. ಸಾಲದ ಉಳಿದ ಕಂತು ಬರಲಿಲ್ಲ, ಅದಿರು ಕೊಳ್ಳುವವರೂ ಇಲ್ಲವಾದರು. ಇರಾನಿಗೆಂದೇ ರೂಪಿಸಿದ ಯೋಜನೆಗೆ ಬೇರೆ ಗಿರಾಕಿಗಳನ್ನು ಹುಡುಕಬೇಕಾಯಿತು. ಮಂಗಳೂರಿನಲ್ಲಿ ಪೆಲೆಟ್ ಕಾರ್ಖಾನೆ ಬಂದದ್ದು ಈ ಬಿಕ್ಕಟ್ಟಿನ ಬೆನ್ನಿಗೇ. ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು.

ಇದನ್ನು ಪರಿಸರದ ಕಥೆಯಾಗಿ ನಾವು ಬಹಳ ಸಲ ಓದಿದ್ದೇವೆ, ಅದು ಓದಲೇಬೇಕಾದ ಕಥೆ. ಆದರೆ ಭದ್ರಾ ಹುಟ್ಟುವ ಬೆಟ್ಟವನ್ನು ಅಗೆಯುವ ತೀರ್ಮಾನದ ಹಿಂದೆ ತೈಲ ಬಿಕ್ಕಟ್ಟು, ವಿದೇಶಿ ವಿನಿಮಯದ ಕೊರತೆ, ಒಬ್ಬ ದೊರೆಯ ಮಹತ್ವಾಕಾಂಕ್ಷೆ ಇವೆಲ್ಲ ಇದ್ದವು; ಆ ಯೋಜನೆ ಮುಗ್ಗರಿಸಿದ್ದರ ಹಿಂದೆ ಅವನ ಪತನವಿತ್ತು. ಒಂದು ಊರಿನ ಹಣೆಬರಹ ಇನ್ನೊಂದು ದೇಶದ ಬೀದಿಯಲ್ಲಿ ಹೇಗೆ ಬರೆಯಲ್ಪಡುತ್ತದೆ ಎಂದು ದಾಖಲೆ ಹಿಡಿದು, ಇಸವಿ ಹಿಡಿದು, ಲೆಕ್ಕ ಹಿಡಿದು ಹೇಳಬಲ್ಲವನನ್ನು ತಯಾರು ಮಾಡುವುದು ಈ ಓದಿನ ಕೆಲಸ. ಅಷ್ಟು ಕಲಿತವನಿಗೆ ಕೆಲಸವಿದೆ. ಸಿದ್ಧಾಂತಿಗಳ ಹೆಸರು ಬಾಯಿಪಾಠ ಮಾಡಿಕೊಂಡು ಬಂದವನು ಮಾತ್ರ ಪರದಾಡುತ್ತಾನೆ.

ಎಲ್ಲಿ ಓದಬೇಕೆಂಬುದು ಜೇಬನ್ನು ಅವಲಂಬಿಸಿದೆ. ಜೆಎನ್‌ಯು, ಪುದುಚೇರಿ ವಿಶ್ವವಿದ್ಯಾಲಯದಂಥ ಕೇಂದ್ರೀಯ ಸಂಸ್ಥೆಗಳಿಗೆ ಸಿಯುಇಟಿ ಪರೀಕ್ಷೆ ಬರೆಯಬೇಕು. ಶುಲ್ಕ ಖಾಸಗಿಗಿಂತ ಬಹಳ ಕಡಿಮೆ. ಕರಾವಳಿಯವರಿಗೆ ಹತ್ತಿರದ್ದು ಕಾಸರಗೋಡಿನ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ. ಅಲ್ಲಿ ಅಂತರರಾಷ್ಟ್ರೀಯ ಸಂಬಂಧಗಳು ಮತ್ತು ರಾಜಕೀಯಕ್ಕೆಂದೇ ವಿಭಾಗವಿದೆ. ಕೋಲ್ಕತ್ತದ ಜಾದವಪುರ ಈ ವಿಷಯದ ಹಳೆಯ ಮನೆ. ದೆಹಲಿಯ ಸೌತ್ ಏಷ್ಯನ್ ಯೂನಿವರ್ಸಿಟಿಯನ್ನು ಸಾರ್ಕ್ ದೇಶಗಳು ಸೇರಿ ಕಟ್ಟಿದ್ದರಿಂದ ತರಗತಿಯಲ್ಲಿ ನೇಪಾಳ, ಬಾಂಗ್ಲಾದೇಶದವರ ಪಕ್ಕ ಕೂತು ದಕ್ಷಿಣ ಏಷ್ಯಾದ ಪಾಠ ಕೇಳಬಹುದು. ನಮ್ಮಲ್ಲಿ ಮಣಿಪಾಲ, ಬೆಂಗಳೂರಿನ ಕ್ರೈಸ್ಟ್ ಮುಂತಾದ ಖಾಸಗಿ ಸಂಸ್ಥೆಗಳಿವೆ. ಯಾವುದಕ್ಕೆ ಸೇರಿದರೂ ಅಲ್ಲಿಯ ಅಧ್ಯಾಪಕರು ಯಾವ ಪ್ರದೇಶದ ಮೇಲೆ ಕೆಲಸ ಮಾಡಿದ್ದಾರೆ, ಯಾವ ಭಾಷೆ ಕಲಿಯಲು ಅವಕಾಶವಿದೆ ಎಂದು ಮೊದಲು ವಿಚಾರಿಸಿ. ಕಟ್ಟಡ, ರ‍್ಯಾಂಕಿಂಗ್ ಆಮೇಲೆ.

ಪದವಿ ಮುಗಿದ ಮೇಲಿನ ಬದುಕಿನ ಬಗ್ಗೆ ಕಾಲೇಜಿನ ಕರಪತ್ರಗಳು ರಾಯಭಾರ ಕಚೇರಿ, ವಿಶ್ವಸಂಸ್ಥೆ, ಚಿಂತನ ಸಂಸ್ಥೆ ಎಂದು ಮೂರು ಹೆಸರು ಹೇಳುತ್ತವೆ. ರಾಯಭಾರದ ಮಾತು ಆಯಿತು. ವಿಶ್ವಸಂಸ್ಥೆಯ ಸಚಿವಾಲಯದ ಇಂಟರ್ನ್‌ಶಿಪ್‌ಗೆ ಸಂಬಳವಿಲ್ಲ. ನ್ಯೂಯಾರ್ಕಿನಲ್ಲೋ ಜಿನೀವಾದಲ್ಲೋ ತಿಂಗಳುಗಟ್ಟಲೆ ಸ್ವಂತ ಖರ್ಚಿನಲ್ಲಿ ಇರಬಲ್ಲವರಿಗೇ ಅದು ಎಟಕುವುದು. ಇದು ನ್ಯಾಯವಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ವಿಶ್ವಸಂಸ್ಥೆಯ ಯುವ ವೃತ್ತಿಪರರ ಪರೀಕ್ಷೆಗೆ ಆಯಾ ವರ್ಷ ಪಟ್ಟಿಯಲ್ಲಿರುವ ದೇಶಗಳವರು ಮಾತ್ರ ಕೂರಬಹುದು. ಚಿಂತನ ಸಂಸ್ಥೆಗಳು ಹೆಚ್ಚಿನವು ದೆಹಲಿಯಲ್ಲಿವೆ. ಬೆಂಗಳೂರಿನಲ್ಲಿ ತಕ್ಷಶಿಲಾ ಇದೆ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ನಿಯಾಸ್‌ನಲ್ಲಿ ಭದ್ರತಾ ಅಧ್ಯಯನ ನಡೆಯುತ್ತದೆ. ಅಲ್ಲಿಯ ಹುದ್ದೆಗಳು ಕೈಬೆರಳೆಣಿಕೆಯಷ್ಟು, ಬಹುಪಾಲು ಗುತ್ತಿಗೆಯವು.

ನಿಜಕ್ಕೂ ಜನ ಬೇಕಾಗಿರುವುದು ಕರಪತ್ರದಲ್ಲಿ ಇಲ್ಲದ ಜಾಗಗಳಲ್ಲಿ. ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿರುವ ವಿದೇಶಿ ಬ್ಯಾಂಕುಗಳ ಕಚೇರಿಗಳಲ್ಲಿ 'ಸ್ಯಾಂಕ್ಷನ್ಸ್ ಸ್ಕ್ರೀನಿಂಗ್' ಎಂಬ ಕೆಲಸವಿದೆ. ಅದು ಹೀಗೆ ನಡೆಯುತ್ತದೆ. ದುಬೈನ ಒಂದು ಕಂಪನಿಯಿಂದ ಸಿಂಗಪುರದ ಕಂಪನಿಗೆ ಹಣ ಹೋಗಬೇಕು. ಸರಕಿನ ಕಾಗದದಲ್ಲಿರುವ ಹಡಗಿನ ಹೆಸರು ಅಮೆರಿಕದ ನಿರ್ಬಂಧ ಪಟ್ಟಿಯ ಹೆಸರೊಂದನ್ನು ಹೋಲುತ್ತದೆ. ಪರದೆಯ ಮೇಲೆ ಅಲರ್ಟ್ ಬೀಳುತ್ತದೆ, ಹಣ ಅಲ್ಲೇ ನಿಲ್ಲುತ್ತದೆ. ಮೇಜಿನ ಮುಂದೆ ಕೂತ ಹುಡುಗಿ ಮೊದಲು ಹಡಗಿನ ಐಎಂಒ ಸಂಖ್ಯೆ ನೋಡುತ್ತಾಳೆ. ಹಡಗು ಹೆಸರು ಬದಲಿಸಬಹುದು, ಪನಾಮಾದ ಬಾವುಟ ಇಳಿಸಿ ಲೈಬೀರಿಯಾದ್ದು ಏರಿಸಬಹುದು, ಆ ಏಳು ಅಂಕಿ ಮಾತ್ರ ಜೀವನಪೂರ್ತಿ ಒಂದೇ. ಆಮೇಲೆ ಒಡೆತನ. ನಿರ್ಬಂಧಕ್ಕೊಳಗಾದವರ ಪಾಲು ಅರ್ಧ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಕಂಪನಿಯ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೂ ಅಮೆರಿಕದ ನಿಯಮದಂತೆ ಅದೂ ನಿರ್ಬಂಧಿತವೇ. ಹಡಗಿನ ಜಾಡು ಹೇಳುವ ಸಂಕೇತ ಕಡಲ ಮಧ್ಯೆ ಕೆಲವು ದಿನ ನಿಂತುಹೋಗಿತ್ತೇ? ಮಲೇಷ್ಯಾದ ಹತ್ತಿರ ಒಂದು ಹಡಗಿನಿಂದ ಇನ್ನೊಂದಕ್ಕೆ ತೈಲ ದಾಟಿಸಿದ್ದರೇ? ಇಷ್ಟನ್ನೂ ನೋಡಿ, ಹಣ ಬಿಡಬಹುದೇ ಬೇಡವೇ ಎಂದು ಅರ್ಧ ಪುಟದ ಟಿಪ್ಪಣಿ ಬರೆದು ಸಹಿ ಹಾಕಬೇಕು.

ಮೊದಲ ವರ್ಷ ಈ ಕೆಲಸ ಯಾಂತ್ರಿಕ. ಪಾಳಿ ಇರುತ್ತದೆ, ದಿನಕ್ಕಿಷ್ಟು ಅಲರ್ಟ್ ಮುಗಿಸಬೇಕೆಂಬ ಒತ್ತಡವಿರುತ್ತದೆ. ಆದರೆ ರಷ್ಯನ್ ಓದಬಲ್ಲವರು ಕಂಪನಿಯ ನೋಂದಣಿ ದಾಖಲೆಯನ್ನು ಮೂಲದಲ್ಲೇ ನೋಡುತ್ತಾರೆ. ಅರಬ್ಬಿ ಬಲ್ಲವರಿಗೆ ಒಂದೇ ಹೆಸರು ಇಂಗ್ಲಿಷಿನಲ್ಲಿ ಐದು ಬಗೆಯಲ್ಲಿ ಬರೆಯಲ್ಪಟ್ಟಿರುವುದು ತಕ್ಷಣ ಹೊಳೆಯುತ್ತದೆ. ಇಂಥವರು ಬೇಗ ತನಿಖೆಯ ತಂಡಕ್ಕೆ ಏರುತ್ತಾರೆ. ಇದು ನಮ್ಮ ಕರಾವಳಿಗೂ ಸಂಬಂಧಿಸಿದ್ದೇ: ಮಂಗಳೂರಿನ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ ಒಂದು ಕಾಲಕ್ಕೆ ಇರಾನಿನ ಕಚ್ಚಾತೈಲದ ದೊಡ್ಡ ಗಿರಾಕಿ. 2019ರ ಮೇ ತಿಂಗಳಲ್ಲಿ ನಿರ್ಬಂಧದಿಂದ ಅಮೆರಿಕ ಕೊಟ್ಟಿದ್ದ ವಿನಾಯಿತಿ ಮುಗಿದಾಗ ಆ ದಾರಿ ಮುಚ್ಚಿತು.

ಇನ್ನೂ ಒಂದು ಜಾಗ ಹೆಚ್ಚಿನ ವಿದ್ಯಾರ್ಥಿಗಳ ಕಣ್ಣಿಗೆ ಬೀಳುವುದಿಲ್ಲ. ಬೆಂಗಳೂರಿನಲ್ಲಿ ಬ್ರಿಟನ್, ಜರ್ಮನಿ, ಫ್ರಾನ್ಸ್, ಜಪಾನ್, ಇಸ್ರೇಲ್ ಮೊದಲಾದ ದೇಶಗಳ ದೂತಾವಾಸಗಳಿವೆ. 2023ರಲ್ಲಿ ಆಸ್ಟ್ರೇಲಿಯಾದ್ದು, 2025ರ ಜನವರಿಯಲ್ಲಿ ಅಮೆರಿಕದ್ದು ಶುರುವಾಯಿತು. ಅಲ್ಲಿ ವ್ಯಾಪಾರ, ಶಿಕ್ಷಣ, ರಾಜಕೀಯ ವರದಿಗಾರಿಕೆಗೆ ಸ್ಥಳೀಯ ಸಿಬ್ಬಂದಿಯನ್ನು ತೆಗೆದುಕೊಳ್ಳುತ್ತಾರೆ. ಕರ್ನಾಟಕದ ರಾಜಕೀಯ, ಕೃಷಿ, ಕೈಗಾರಿಕೆಗಳನ್ನು ಬಲ್ಲ, ಕನ್ನಡ ಪತ್ರಿಕೆ ಓದಿ ಸಾರಾಂಶ ಬರೆಯಬಲ್ಲ ಅಭ್ಯರ್ಥಿಗೆ ಅಲ್ಲಿ ಬೆಲೆಯಿದೆ. ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆಂದು ಹಿಂಜರಿಯುವವರು ಇದನ್ನು ಗಮನಿಸಬೇಕು.

ಅಧ್ಯಾಪಕರಾಗಬೇಕೆನ್ನುವವರಿಗೆ ಯುಜಿಸಿ ನೆಟ್ ಇದೆ. ಜೆಆರ್‌ಎಫ್ ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ. ಅದು ಸಂಶೋಧನೆಗೆ ಮರ್ಯಾದೆಯ ಆಸರೆ. ಒಂದು ಎಚ್ಚರಿಕೆ ಮಾತ್ರ ಬೇಕು. ನಮ್ಮ ಪದವಿ ಕಾಲೇಜುಗಳಲ್ಲಿ ಹುದ್ದೆ ಇರುವುದು ರಾಜ್ಯಶಾಸ್ತ್ರದ ಹೆಸರಿನಲ್ಲಿ. ನಿಮ್ಮ ಎಂ.ಎ. ಅಂಕಪಟ್ಟಿಯಲ್ಲಿ ಯಾವ ಹೆಸರು ಬರುತ್ತದೆ, ನೇಮಕಾತಿ ಅಧಿಸೂಚನೆ ಅದನ್ನು ಒಪ್ಪುತ್ತದೆಯೇ ಎಂದು ಸೇರುವ ಮೊದಲೇ ನೋಡಿಕೊಳ್ಳಿ. ಎರಡು ವರ್ಷದ ಓದು ಮುಗಿಸಿ ಆಮೇಲೆ ತತ್ಸಮಾನ ಪ್ರಮಾಣಪತ್ರಕ್ಕೆ ಅಲೆಯುವುದು ಬೇಡ.

ಇಷ್ಟು ಹೇಳಿದ ಮೇಲೆ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಈ ವಿಷಯ ಓದುವವರು ಮೊದಲ ವರ್ಷದಲ್ಲೇ ಒಂದು ಪ್ರದೇಶವನ್ನೂ ಅದರ ಭಾಷೆಯನ್ನೂ ತಮ್ಮದಾಗಿಸಿಕೊಳ್ಳಬೇಕು. ಜಗತ್ತಿನ ಬಗ್ಗೆಯೆಲ್ಲ ಅಷ್ಟಿಷ್ಟು ಗೊತ್ತು ಎನ್ನುವವರು ಪ್ರತಿ ವರ್ಷ ಸಾವಿರಾರು ಜನ ಹೊರಬರುತ್ತಾರೆ. ವಿಯೆಟ್ನಾಮಿನ ಕಾರ್ಮಿಕ ಕಾನೂನು ಗೊತ್ತು, ಪೂರ್ವ ಆಫ್ರಿಕಾದ ಬಂದರುಗಳು ಗೊತ್ತು, ಸ್ವಹಿಲಿ ಓದಲು ಬರುತ್ತದೆ ಎನ್ನುವವರು ಅಪರೂಪ. ವಿದೇಶಾಂಗ ಸೇವೆಯೇ ಇದನ್ನು ಅರಿತಿದೆ: ಮಸ್ಸೂರಿ, ದೆಹಲಿಗಳ ತರಬೇತಿಯ ನಂತರ ಪ್ರತಿ ಅಧಿಕಾರಿಗೂ ಒಂದು ವಿದೇಶಿ ಭಾಷೆ ಕಡ್ಡಾಯ, ಆ ಭಾಷೆಯ ನಾಡಿಗೇ ಕಳಿಸಿ ಕಲಿಸುತ್ತಾರೆ, ಪರೀಕ್ಷೆ ಪಾಸಾಗದೆ ಸೇವೆ ಕಾಯಂ ಆಗುವುದಿಲ್ಲ. ಸರ್ಕಾರ ತನ್ನ ಖರ್ಚಿನಲ್ಲಿ ಕಲಿಸುವುದನ್ನು ಬೆಂಗಳೂರಿನ ವಿದ್ಯಾರ್ಥಿ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲೋ ಮ್ಯಾಕ್ಸ್‌ಮುಲ್ಲರ್ ಭವನದಲ್ಲೋ ಸಂಜೆ ತರಗತಿಗೆ ಹೋಗಿ ಕಲಿಯಬಹುದು. ಜಪಾನಿ ಭಾಷೆಯ ಜೆಎಲ್‌ಪಿಟಿಯಲ್ಲಿ ಎನ್5ರಿಂದ ಎನ್1ರವರೆಗೆ ಐದು ಹಂತಗಳಿವೆ. ಎನ್5 ಎಂಬುದು ಪರಿಚಯ ಅಷ್ಟೇ. ಎನ್2 ಮುಟ್ಟಿದವರಿಗೆ ನಮ್ಮ ಊರಿನಲ್ಲೇ ಕೆಲಸ ಸಿಗುತ್ತದೆ. ಜೊತೆಗೆ ಅಂಕಿಅಂಶಗಳನ್ನು ಓದಲು ಹೆದರಬಾರದು. ಆಮದು ರಫ್ತಿನ ಕೋಷ್ಟಕವನ್ನು ಎಕ್ಸೆಲ್‌ನಲ್ಲಿ ಹಾಕಿ ಹತ್ತು ವರ್ಷದ ಏರಿಳಿತ ತೋರಿಸಲು ಬಾರದಿದ್ದರೆ ಒಳ್ಳೆಯ ವಾದವೂ ಕಾಗದದಲ್ಲೇ ಉಳಿಯುತ್ತದೆ.

ವಿದೇಶದಲ್ಲಿ ಓದುವ ಬಗ್ಗೆ ಒಂದು ಸತ್ಯವನ್ನು ಏಜೆಂಟರು ಹೇಳುವುದಿಲ್ಲ. ಎಂಜಿನಿಯರಿಂಗ್ ಓದಿದವನು ಅಲ್ಲಿಯ ಕಂಪನಿಗೆ ಅರ್ಜಿ ಹಾಕಬಹುದು. ಅಂತರರಾಷ್ಟ್ರೀಯ ಅಧ್ಯಯನ ಓದಿದವನಿಗೆ ಸಹಜವಾಗಿ ಹೊಂದುವ ಎಷ್ಟೋ ಹುದ್ದೆಗಳು ಆ ದೇಶದ ವಿದೇಶಾಂಗ ಇಲಾಖೆ, ರಕ್ಷಣೆ, ಗುಪ್ತಚರ, ಸಂಸತ್ತಿನ ಕಚೇರಿಗಳಲ್ಲಿ ಇರುತ್ತವೆ. ಅವು ಬಹುತೇಕ ಅಲ್ಲಿಯ ನಾಗರಿಕರಿಗೇ ಮೀಸಲು. ಅಮೆರಿಕದಲ್ಲಿ ಓದಿದ ಮೇಲೆ ಕೆಲಸ ಮಾಡಲು ಈ ವಿಷಯದವರಿಗೆ ಸಾಮಾನ್ಯವಾಗಿ ಸಿಗುವುದು 12 ತಿಂಗಳು. ವಿಜ್ಞಾನ, ತಂತ್ರಜ್ಞಾನದವರಿಗೆ 36. ಆದ್ದರಿಂದ ಮನೆ, ತೋಟ ಅಡವಿಟ್ಟು ಸಾಲ ಮಾಡಿ ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಪೂರ್ಣ ವಿದ್ಯಾರ್ಥಿವೇತನವಿದ್ದರೆ ಖಂಡಿತ ಹೋಗಿ. ಬ್ರಿಟನ್ನಿನ ಚೀವ್ನಿಂಗ್‌ಗೆ ಎರಡು ವರ್ಷದ ಕೆಲಸದ ಅನುಭವ ಬೇಕು, ಓದಿ ಬಂದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿರಬೇಕು. ಎಂ.ಎ. ಮುಗಿಸಿ, ಎರಡು ವರ್ಷ ದುಡಿದು, ತನ್ನ ಪ್ರದೇಶ ಯಾವುದೆಂದು ಖಚಿತವಾದ ಮೇಲೆ ಹೊರಗೆ ಹೋಗುವುದು ಎಲ್ಲ ದೃಷ್ಟಿಯಿಂದಲೂ ಮೇಲು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕವಿಲ್ಲ, ಆದರೆ ಬದುಕಿನ ಖರ್ಚು ನಿಮ್ಮದೇ.

ಯುಪಿಎಸ್‌ಸಿಯ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಪ್ರಶ್ನೆಪತ್ರಿಕೆ ಮಾತ್ರ ಇಂಗ್ಲಿಷ್, ಹಿಂದಿಯಲ್ಲಿರುತ್ತದೆ. ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡು ಕನ್ನಡದಲ್ಲಿ ಬರೆಯಲು ಹೊರಟವರಿಗೆ ಓದುವ ಸಾಮಗ್ರಿಯೇ ದೊಡ್ಡ ಕೊರತೆ. ಇದು ಪರೀಕ್ಷೆಗಷ್ಟೇ ಸೀಮಿತವಾದ ಕೊರತೆಯಲ್ಲ.

ಅಡಿಕೆಯ ವಿಷಯವನ್ನೇ ನೋಡಿ. ಆಮದಾಗುವ ಅಡಿಕೆಗೆ ಕೇಂದ್ರ ಸರ್ಕಾರ ಕನಿಷ್ಠ ಬೆಲೆ ನಿಗದಿ ಮಾಡಿದೆ. 2023ರ ಫೆಬ್ರವರಿಯಲ್ಲಿ ಅದು ಕಿಲೋಗೆ 251ರಿಂದ 351 ರೂಪಾಯಿಗೆ ಏರಿತು. ಅದಕ್ಕೆ ಹಿಂದಿನ ವರ್ಷ ಭೂತಾನಿನಿಂದ 17,000 ಟನ್ ಹಸಿ ಅಡಿಕೆಯನ್ನು ಈ ಕನಿಷ್ಠ ಬೆಲೆಯ ಷರತ್ತಿಲ್ಲದೆ ತರಲು ಅನುಮತಿ ಕೊಟ್ಟಾಗ ಮಲೆನಾಡು, ಕರಾವಳಿಗಳಲ್ಲಿ ಆತಂಕ ಹಬ್ಬಿತು. ಶ್ರೀಲಂಕಾದೊಂದಿಗೆ 1998ರಲ್ಲಿ ಸಹಿಯಾಗಿ 2000ದಲ್ಲಿ ಜಾರಿಗೆ ಬಂದ ಮುಕ್ತ ವ್ಯಾಪಾರ ಒಪ್ಪಂದವಿದೆ, ಸಾರ್ಕ್ ದೇಶಗಳ ಸಾಫ್ಟಾ ಇದೆ. ಬೇರೆ ದೇಶದ ಅಡಿಕೆ ಶ್ರೀಲಂಕಾದ ಹೆಸರಿನಲ್ಲಿ ಸುಂಕ ತಪ್ಪಿಸಿ ಬರುತ್ತದೆ ಎಂಬ ದೂರು ಹಳೆಯದು. ಸರಕು ನಿಜಕ್ಕೂ ಎಲ್ಲಿಯದು ಎಂದು ಆಮದುದಾರರೇ ಸಾಬೀತು ಮಾಡಬೇಕೆಂಬ ಕಸ್ಟಮ್ಸ್ ನಿಯಮ 2020ರ ಸೆಪ್ಟೆಂಬರಿನಲ್ಲಿ ಬಂತು. ಶಿರಸಿ, ತೀರ್ಥಹಳ್ಳಿ, ಪುತ್ತೂರಿನ ಮಂಡಿಯ ದರ ಇಂಥ ಕಾಗದಗಳ ಮೇಲೆ ನಿಂತಿದೆ. ಇವನ್ನು ಓದಿ ಬೆಳೆಗಾರರಿಗೆ ಕನ್ನಡದಲ್ಲಿ ಬಿಡಿಸಿ ಹೇಳುವವರು, ಅವರ ಮಾತನ್ನು ಅಂಕಿಅಂಶ ಸಮೇತ ವಾಣಿಜ್ಯ ಸಚಿವಾಲಯಕ್ಕೆ ಬರೆದು ಮುಟ್ಟಿಸುವವರು ಬೇಕಾಗಿದ್ದಾರೆ. ಎಂ.ಎ. ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವ ನಮ್ಮ ವಿದ್ಯಾರ್ಥಿಗಳು ಮಂಗಳೂರಿನ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದಲ್ಲಿ ಒಂದು ತಿಂಗಳು ಕೂತು, ಶ್ರೀಲಂಕಾ ಒಪ್ಪಂದದ ಮೂಲ ಪಠ್ಯ ಮತ್ತು 2020ರ ನಿಯಮಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಲು ಶುರುಮಾಡಬಹುದು. ಸಿಂಹಳ ಕಲಿಯುವ ಮನಸ್ಸಿದ್ದವರು ಅಲ್ಲಿಂದ ಕೊಲಂಬೊಗೂ ಹೋಗಿ ಬರಲಿ.